ಕಬಕದ ದಾರಿಯಲ್ಲಿ ಮಿಸ್ ಹೊಡೆದ ಎಂಜಿನುಗಳು



ಅಡಿಕೆಯ ಕೊಳೆರೋಗ, ಕರಿಮೆಣಸಿನ ಸೊರಗು ರೋಗ, ತೆಂಗಿಗೆ ಬೀಳುವ ಕುರುವಾಯಿ ದುಂಬಿ, ಇವುಗಳ ವಿಷಯ ನಾವು ಅನೇಕ ಸಲ ಮಾತಾಡಿದ್ದೇವೆ. ಇವತ್ತು ತೋಟದ ರೋಗವಲ್ಲ, ತೋಟದ ಬದಿಯ ಶೆಡ್ಡಿನಲ್ಲಿ ನಿಂತಿರುವ ಪಿಕಪ್ಪಿನ ರೋಗ. ಬೆಳಿಗ್ಗೆ ಬೀಗದ ಕೈ ತಿರುಗಿಸುತ್ತೀರಿ. ಎಂಜಿನು ಚಾಲೂ ಆಗುತ್ತದೆ, ಆದರೆ ಸಮನಾಗಿ ನಿಲ್ಲುವುದಿಲ್ಲ. ಜ್ವರ ಬಂದ ಹುಡುಗನ ಹಾಗೆ ಮೈ ಕುಲುಕುತ್ತದೆ. ಆಕ್ಸಿಲರೇಟರು ಬಿಟ್ಟರೆ ನಿಂತೇಹೋಗುತ್ತದೆ. ಏರಿನಲ್ಲಿ ಎಳೆಯುವುದಿಲ್ಲ. "ಗಾಡಿ ಮಿಸ್ಸಿಂಗ್ ಉಂಟು" ಎಂದು ನಮ್ಮ ಕಡೆ ಹೇಳುವುದು ಇದಕ್ಕೇ.

ಈ ಮಿಸ್ಸಿಂಗು ಇವತ್ತಿನದಲ್ಲ. ನಮ್ಮ ಊರಿನ ದಾರಿಗೆ ಮೋಟಾರು ಬಂದ ದಿನವೇ ಅದೂ ಬಂದಿತು. ಅದರ ಚರಿತ್ರೆ ತಿಳಿದವನಿಗೆ ಇಂದಿನ ಗಾಡಿಯ ಕಾಯಿಲೆ ಹುಡುಕುವುದು ಅರ್ಧ ಸುಲಭವಾಗುತ್ತದೆ. ಹಳೆಯ ಚಾಲಕರು ಕಂಡುಕೊಂಡಿದ್ದ ಪರೀಕ್ಷೆಗಳಲ್ಲಿ ಕೆಲವು ಇಂದಿಗೂ ಕೆಲಸಕ್ಕೆ ಬರುತ್ತವೆ, ಕೆಲವನ್ನು ಇಂದು ಮಾಡಿದರೆ ಕೈಯೇ ಹೋದೀತು. ಯಾವುದು ಯಾವುದೆಂದು ಹೇಳುವುದಕ್ಕಾಗಿಯೇ ಈ ಮಾತು.

ಕಬಕದ ಜಂಕ್ಷನ್ನಿನಲ್ಲಿ ಒಮ್ಮೆ ನಿಂತು ನೋಡಿ. ಮಂಗಳೂರಿನಿಂದ ಬಂಟ್ವಾಳ, ಮಾಣಿಯ ಮೇಲೆ ಬಂದ ರಸ್ತೆ ಇಲ್ಲಿಂದ ಪುತ್ತೂರು, ಸುಳ್ಯ ದಾಟಿ ಸಂಪಾಜೆಯ ಘಾಟಿ ಹತ್ತಿ ಮಡಿಕೇರಿಗೆ ಹೋಗುತ್ತದೆ. ಅದೇ ಈಗಿನ ರಾಷ್ಟ್ರೀಯ ಹೆದ್ದಾರಿ ೨೭೫. ಇನ್ನೊಂದು ಕವಲು ವಿಟ್ಲಕ್ಕೆ ತಿರುಗುತ್ತದೆ. ಹಾಸನ–ಮಂಗಳೂರು ರೈಲುದಾರಿ ೧೯೭೯ರಲ್ಲಿ ಪೂರ್ತಿಯಾಯಿತು, ಪುತ್ತೂರಿನ ನಿಲ್ದಾಣದ ಹೆಸರಿಗೆ ಕಬಕವೂ ಸೇರಿ ಅದು "ಕಬಕ ಪುತ್ತೂರು". ಆದರೆ ರೈಲು ಬಂದರೂ ನಮ್ಮ ಅಡಿಕೆ ಮೂಟೆ ಮನೆಯಂಗಳದಿಂದ ಪೇಟೆಗೆ ಹೋಗುವುದು ರಸ್ತೆಯ ಮೇಲೆಯೇ. ಮನೆಗಳೋ ಒಂದೊಂದು ಗುಡ್ಡೆಯ ಬುಡದಲ್ಲಿ ಒಂದೊಂದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಸೀಮೆ. ಇಂಥಲ್ಲಿ ಗಾಡಿಯ ಎಂಜಿನಿಗೆ ಬರುವ ಕಷ್ಟ ಬಯಲುಸೀಮೆಯ ಎಂಜಿನಿಗೆ ಬರುವುದಿಲ್ಲ.

ಮೊದಲಿಗೆ ಎತ್ತಿನ ಗಾಡಿ. ಎತ್ತು ಮಿಸ್ ಹೊಡೆಯುವುದಿಲ್ಲ. ಹಸಿದರೆ ನಿಲ್ಲುತ್ತದೆ, ಬೆದರಿದರೆ ಓಡುತ್ತದೆ, ಕಾರಣ ಎದುರಿಗೇ ಕಾಣುತ್ತದೆ. ೧೯೧೪ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ಹುಟ್ಟಿತು. ಜನರ ಬಾಯಲ್ಲಿ ಅದು "ಸಿ.ಪಿ.ಸಿ." ಆಗ ಈ ಜಿಲ್ಲೆ ಮದ್ರಾಸು ಪ್ರಾಂತ್ಯದಲ್ಲಿದ್ದ ದಕ್ಷಿಣ ಕನ್ನಡ. ಸಂಪಾಜೆಯಿಂದಾಚೆ ಕೊಡಗು, ಅದು ಬೇರೆ ಆಡಳಿತ. ಮೈಸೂರು ರಾಜ್ಯಕ್ಕೆ ಎರಡೂ ಸೇರಿದ್ದು ೧೯೫೬ರ ನವೆಂಬರಿನಲ್ಲಿ. ಅಂಥ ಕಾಲದಲ್ಲಿ ಪೆಟ್ರೋಲು ಮೋಟಾರು ನಮ್ಮ ಮಣ್ಣಿನ ರಸ್ತೆಗೆ ಇಳಿದು, ಕಾರಣ ಕಣ್ಣಿಗೆ ಕಾಣದ ಒಂದು ಹೊಸ ಬಗೆಯ ಹಟವನ್ನು ಜನರಿಗೆ ಪರಿಚಯ ಮಾಡಿಸಿತು.

ಆ ಎಂಜಿನಿನ ಒಳಗೆ ನಡೆಯುತ್ತಿದ್ದುದು ಜರ್ಮನಿಯ ನಿಕೊಲಾಸ್ ಓಟೋ ೧೮೭೬ರಲ್ಲಿ ನಡೆಸಿ ತೋರಿಸಿದ ನಾಲ್ಕು ಹೆಜ್ಜೆಯ ಕೆಲಸ. ಗಾಳಿ ಮತ್ತು ಎಣ್ಣೆಯ ಮಿಶ್ರಣವನ್ನು ಒಳಗೆಳೆಯುವುದು, ಅದನ್ನು ಒತ್ತುವುದು, ಉರಿಸುವುದು, ಹೊಗೆಯನ್ನು ಹೊರತಳ್ಳುವುದು. ನಿಮ್ಮ ಬಚ್ಚಲೊಲೆಯನ್ನೇ ನೆನೆಸಿಕೊಳ್ಳಿ. ಸೌದೆ ಬೇಕು, ಗಾಳಿ ಬೇಕು, ಬೆಂಕಿಕಡ್ಡಿ ಬೇಕು. ಎಂಜಿನಿಗೆ ಇನ್ನೊಂದು ಹೆಚ್ಚು ಬೇಕು, ಒತ್ತಡ. ಈ ನಾಲ್ಕರಲ್ಲಿ ಒಂದು ಒಂದು ಸಿಲಿಂಡರಿನಲ್ಲಿ ತಪ್ಪಿದರೆ ಆ ಸಿಲಿಂಡರು ಉರಿಯುವುದಿಲ್ಲ. ಅದೇ ಮಿಸ್ಸಿಂಗು. ನೂರು ವರ್ಷದಲ್ಲಿ ಎಂಜಿನು ಎಷ್ಟೋ ಬದಲಾದರೂ ಈ ನಾಲ್ಕು ಬದಲಾಗಲಿಲ್ಲ.

ಲೆಕ್ಕ ಒಂದನ್ನು ಹೇಳಿಬಿಡುತ್ತೇನೆ. ನಾಲ್ಕು ಸಿಲಿಂಡರಿನ ಎಂಜಿನು ಸುಮ್ಮನೆ ನಿಂತು ಓಡುವಾಗ ನಿಮಿಷಕ್ಕೆ ಸುಮಾರು ೭೫೦ ಸುತ್ತು ತಿರುಗುತ್ತದೆ ಎನ್ನೋಣ. ಎರಡು ಸುತ್ತಿಗೆ ಒಂದು ಸಲ ಪ್ರತಿಯೊಂದು ಸಿಲಿಂಡರೂ ಉರಿಯಬೇಕು. ಅಂದರೆ ಒಂದೊಂದು ಸಿಲಿಂಡರು ನಿಮಿಷಕ್ಕೆ ೩೭೫ ಸಲ, ಸೆಕೆಂಡಿಗೆ ಆರು ಸಲ. ಒಂದು ಸತ್ತರೆ ಸೆಕೆಂಡಿಗೆ ಆರು ಸಲ ಒಂದು ಹೆಜ್ಜೆ ತಪ್ಪುತ್ತದೆ. ನಾಲ್ಕು ಜನ ಹೊತ್ತ ಮರದ ದಿಮ್ಮಿಯಲ್ಲಿ ಒಬ್ಬ ಹೆಗಲು ಕೊಡದಿದ್ದರೆ ಉಳಿದ ಮೂವರು ಹೇಗೆ ತಡವರಿಸುತ್ತಾರೋ ಹಾಗೆ. ವೇಗವಾಗಿ ಓಡುವಾಗ ಈ ತಡವರಿಕೆ ಮುಚ್ಚಿಹೋಗುತ್ತದೆ. ನಿಂತು ಓಡುವಾಗ ಎದ್ದುಕಾಣುತ್ತದೆ. ಆದ್ದರಿಂದಲೇ ಎಂಜಿನಿನ ಕಾಯಿಲೆಯನ್ನು ನಿಲ್ಲಿಸಿಕೊಂಡು ಕೇಳಬೇಕು.

ಹಳೆಯ ಪೆಟ್ರೋಲು ಗಾಡಿಯವರು ಕಂಡುಕೊಂಡ ಪರೀಕ್ಷೆಯೂ ಈ ದಿಮ್ಮಿಯ ಲೆಕ್ಕದ್ದೇ. ಮರದ ಹಿಡಿಯ ತಿರುಪುಳಿಯಿಂದ ಒಂದೊಂದೇ ಪ್ಲಗ್ಗಿನ ಕಿಡಿಯನ್ನು ಎಂಜಿನಿನ ಕಬ್ಬಿಣಕ್ಕೆ ಇಳಿಸಿಬಿಡುವುದು. ಒಳ್ಳೆಯ ಸಿಲಿಂಡರಿನ ಕಿಡಿ ಕಡಿದರೆ ಎಂಜಿನು ಇನ್ನೂ ಕುಂಟುತ್ತದೆ. ಸತ್ತ ಸಿಲಿಂಡರಿನ ಕಿಡಿ ಕಡಿದರೆ ಏನೂ ವ್ಯತ್ಯಾಸವಾಗುವುದಿಲ್ಲ. ಹೆಗಲು ಕೊಡದವನು ಬದಿಗೆ ಸರಿದರೆ ದಿಮ್ಮಿಗೇನು? ವ್ಯತ್ಯಾಸವಾಗದ ಸಿಲಿಂಡರೇ ಕಳ್ಳ. ಒಂದು ತಿರುಪುಳಿ, ಎರಡು ನಿಮಿಷ. ಇದಕ್ಕಿಂತ ಅಂದವಾದ ಪರೀಕ್ಷೆ ನನಗೆ ತಿಳಿದ ಯಾವ ಯಂತ್ರಶಾಸ್ತ್ರದಲ್ಲೂ ಇಲ್ಲ.

ಇನ್ನು ಪ್ಲಗ್ಗು ಬಿಚ್ಚಿ ಬಣ್ಣ ಓದುವ ವಿದ್ಯೆ. ತುದಿಯು ಹುರಿದ ಗೇರುಬೀಜದ ಕಂದು ಬಣ್ಣಕ್ಕಿದ್ದರೆ ಉರಿ ಸರಿಯಾಗಿದೆ. ಒಣ ಮಸಿ ಕಪ್ಪಾಗಿ ಕೂತಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಎಣ್ಣೆ ಹಿಡಿದು ಜಿಡ್ಡಾಗಿದ್ದರೆ ಉಂಗುರ ಸವೆದು ಎಂಜಿನಾಯಿಲು ಮೇಲೆ ಬರುತ್ತಿದೆ. ಬಿಳಿಚಿಕೊಂಡಿದ್ದರೆ ಎಣ್ಣೆ ಸಾಲದೆ ಕಾವು ಮಿತಿಮೀರಿದೆ. ಇಂದಿನ ಪೆಟ್ರೋಲು ಮಿನಿ ಲಾರಿಗೂ ಈ ಓದು ಸಲ್ಲುತ್ತದೆ.

ಕಿಡಿಯ ವಿಷಯದಲ್ಲಿ ನಮ್ಮ ಮಳೆಗಾಲ ದೊಡ್ಡ ಶತ್ರು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ೧೯೧೦ರ ಸುಮಾರಿಗೆ ಬ್ಯಾಟರಿ, ಕಾಯಿಲು, ಪಾಯಿಂಟುಗಳ ಕ್ರಮವನ್ನು ರೂಢಿಗೆ ತಂದ. ಬ್ಯಾಟರಿಯ ಆರೋ ಹನ್ನೆರಡೋ ವೋಲ್ಟನ್ನು ಕಾಯಿಲು ಸಾವಿರಾರು ವೋಲ್ಟಿಗೆ ಏರಿಸಿ, ಡಿಸ್ಟ್ರಿಬ್ಯೂಟರಿನ ಮುಚ್ಚಳದ ಮೂಲಕ ಸರದಿಯಂತೆ ಹಂಚುತ್ತದೆ. ಅಷ್ಟು ಎತ್ತರದ ವೋಲ್ಟಿಗೆ ಒದ್ದೆ ಎಂದರೆ ತೆರೆದ ಬಾಗಿಲು. ಮುಚ್ಚಳದ ಒಳಗೆ ನೀರ ಹಬೆ ಕೂತರೆ ಕಿಡಿ ಪ್ಲಗ್ಗಿಗೆ ಹೋಗದೆ ಅಡ್ಡದಾರಿ ಹಿಡಿಯುತ್ತದೆ. ಆಷಾಢದ ಬೆಳಿಗ್ಗೆ ಚಾಲಕನು ಬಾನೆಟ್ಟು ಎತ್ತಿ, ಹೆಗಲ ಬೈರಾಸಿನಿಂದ ಮುಚ್ಚಳದ ಒಳಹೊರಗನ್ನು ಒರೆಸಿ ಮತ್ತೆ ಹಾಕುತ್ತಿದ್ದನೆಂಬುದನ್ನು ಹಿರಿಯರು ಬಲ್ಲರು. ರಾತ್ರಿ ಕತ್ತಲಲ್ಲಿ ಬಾನೆಟ್ಟು ತೆರೆದು ಎಂಜಿನು ಚಾಲೂ ಮಾಡಿದರೆ, ಸೀಳಿದ ತಂತಿಯ ಮೇಲೆ ನೀಲಿ ಕಿಡಿ ಹರಿದಾಡುವುದು ಬರಿಗಣ್ಣಿಗೆ ಕಾಣುತ್ತಿತ್ತು. ಕಾಯಿಲೆಯೇ ದೀಪ ಹಚ್ಚಿ ತನ್ನ ಜಾಗ ತೋರಿಸಿದ ಹಾಗೆ.

ಎರಡನೆಯ ಮಹಾಯುದ್ಧದಲ್ಲಿ ಕಷ್ಟದ ಬಗೆಯೇ ಬೇರೆಯಾಯಿತು. ೧೯೪೧ರಲ್ಲಿ ಪೆಟ್ರೋಲಿಗೆ ರೇಶನ್ ಬಂದಿತು. ಬಸ್ಸುಗಳ ಹಿಂದೆ ಕಬ್ಬಿಣದ ಉದ್ದನೆ ಉರುಳೆಯೊಂದನ್ನು ಕಟ್ಟಿ ಇದ್ದಲು ಉರಿಸುವುದಕ್ಕೆ ತೊಡಗಿದರು. ಗ್ಯಾಸ್ ಪ್ಲಾಂಟು ಎನ್ನುತ್ತಿದ್ದುದು ಇದನ್ನೇ. ಗಾಳಿ ಸಾಲದಂತೆ ಇದ್ದಲು ಕೆಂಡವಾದಾಗ ಹೊರಡುವ ಅನಿಲವನ್ನು ತಣಿಸಿ, ಸೋಸಿ, ಎಂಜಿನಿಗೆ ಎಳೆಯುವ ಉಪಾಯ. ಕ್ಲೀನರು ಬೀಸುಗಾಳಿಯ ಹಿಡಿಯನ್ನು ಬಹಳ ಹೊತ್ತು ತಿರುಗಿಸಬೇಕು, ಆಮೇಲೆ ಎಂಜಿನು. ಪೆಟ್ರೋಲಿನ ಬಲದಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಹೋಗಿಬಿಡುತ್ತಿತ್ತು. ಏರು ಬಂದರೆ ಪ್ರಯಾಣಿಕರು ಇಳಿದು ದೂಡುವುದು. ಇದ್ದಲು ಒದ್ದೆಯಾದರೆ, ಸೋಸುಬಟ್ಟೆಯಲ್ಲಿ ಬೂದಿ ಕಟ್ಟಿದರೆ, ಟಾರು ಅಂಟಿ ಕವಾಟ ಹಿಡಿದರೆ ಮಿಸ್ಸಿಂಗು. ಆ ಕಾಲದ ಚಾಲಕನು ಮೊದಲು ಸೋಸುವ ಪೆಟ್ಟಿಗೆ ಬಿಚ್ಚುತ್ತಿದ್ದ, ಆಮೇಲೆ ಉಳಿದದ್ದು. ಈ ಕ್ರಮ ನನಗೆ ಇವತ್ತಿಗೂ ಸರಿ ಎನ್ನಿಸುತ್ತದೆ. ಕಡಿಮೆ ಖರ್ಚಿನದು ಮೊದಲು, ಫಿಲ್ಟರು ಮೊದಲು.

ಇದ್ದಲ ಅನಿಲದಲ್ಲಿ ಕಾಲು ಭಾಗದ ಆಸುಪಾಸು ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಮನುಷ್ಯನನ್ನು ನಿದ್ರೆಯಲ್ಲೇ ಕೊಂಡೊಯ್ಯುವ ವಿಷ. ಇದ್ದಲ ಬಸ್ಸು ಹೋಯಿತು, ವಿಷ ಹೋಗಲಿಲ್ಲ. ಸರಿಯಾಗಿ ಉರಿಯದ ಪೆಟ್ರೋಲು ಎಂಜಿನಿನ ಹೊಗೆಯಲ್ಲಿ ಅದು ಈಗಲೂ ಇದೆ. ಮಳೆ ಎಂದು ಶೆಡ್ಡಿನ ಬಾಗಿಲು ಹಾಕಿಕೊಂಡು ಎಂಜಿನು ಓಡಿಸಿ ಪರೀಕ್ಷೆ ಮಾಡಕೂಡದು. ಗಾಡಿಯನ್ನು ಅಂಗಳಕ್ಕೆ ತಂದೇ ಮಾಡತಕ್ಕದ್ದು.

ಯುದ್ಧ ಮುಗಿದ ಮೇಲೆ ಜೀಪು ಬಂತು. ೧೯೪೦ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಮಹೀಂದ್ರ ಕಂಪೆನಿಯವರು ವಿಲ್ಲಿಸ್ ಜೀಪುಗಳ ಜೋಡಣೆಗೆ ತೊಡಗಿದರು. ೧೯೫೨ರ ಗಾಂಧಿಜಯಂತಿಯಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಯಿತಲ್ಲ, ಆಮೇಲೆ ಹಳ್ಳಿಗೆ ಸರಕಾರ ಬರುವುದೆಂದರೆ ಬ್ಲಾಕಿನ ಜೀಪು ಬರುವುದು ಎಂದಾಯಿತು. ನನ್ನ ಇಲಾಖೆಯ ಹಿಂದಿನವರು ಬೀಜ, ಗೊಬ್ಬರ, ಪಂಪುಗಳನ್ನು ಅದರಲ್ಲೇ ಹೊತ್ತು ತಿರುಗಿದರು. ವಿಟ್ಲದಲ್ಲಿ ೧೯೫೬ರಲ್ಲಿ ಅಡಿಕೆ ಸಂಶೋಧನಾ ಕೇಂದ್ರ ನಿಂತ ಮೇಲೆ ಕಬಕದ ಕವಲಿನಲ್ಲಿ ಜೀಪಿನ ಓಡಾಟ ಮತ್ತಷ್ಟು ಹೆಚ್ಚಿರಲೇಬೇಕು.

ಆ ಜೀಪಿನ ಪೆಟ್ರೋಲು ಎಂಜಿನಿಗೆ ನಾಲ್ಕು ಸಿಲಿಂಡರು. ಉರಿಯುವ ಸರದಿ ಒಂದು, ಮೂರು, ನಾಲ್ಕು, ಎರಡು. ಪ್ಲಗ್ಗಿನ ತಂತಿಗಳನ್ನು ಬಿಚ್ಚಿ ಮತ್ತೆ ಹಾಕುವಾಗ ಎರಡು ಅದಲುಬದಲಾದರೆ ಜೀಪು ಕೆಮ್ಮಿ ಕಾರ್ಬುರೇಟರಿನಲ್ಲೇ ಸಿಡಿಯುತ್ತಿತ್ತು. ಪಾಯಿಂಟಿನ ಸಂದು ಅರ್ಧ ಮಿಲಿಮೀಟರು. ಸೌತೆ ಬಳ್ಳಿಗೆ ನೀರು ಹಾಕುವಷ್ಟೇ ಸಹಜವಾಗಿ ಆ ಸಂದನ್ನು ಸರಿಮಾಡುವವರು ಪುತ್ತೂರಿನಲ್ಲೂ ಸುಳ್ಯದಲ್ಲೂ ತಯಾರಾದರು. ಮೆಕ್ಯಾನಿಕ್ ಎಂಬ ಕಸುಬು ನಮ್ಮ ತಾಲೂಕುಗಳಲ್ಲಿ ಬೇರೂರಿದ್ದು ಜೀಪಿನ ಬಾನೆಟ್ಟಿನ ಕೆಳಗೆ ಎಂದರೆ ತಪ್ಪಾಗಲಾರದು.

ಡೀಸೆಲು ಬೇರೆಯೇ ಜಾತಿ. ರುಡಾಲ್ಫ್ ಡೀಸೆಲ್ ಜರ್ಮನಿಯ ಔಗ್ಸ್‌ಬುರ್ಗ್ ಊರಿನಲ್ಲಿ ೧೮೯೭ರಲ್ಲಿ ನಡೆಸಿ ತೋರಿಸಿದ ಎಂಜಿನಿಗೆ ಬೆಂಕಿಕಡ್ಡಿಯೇ ಬೇಡ. ಗಾಳಿಯನ್ನು ಅಷ್ಟು ಬಿಗಿಯಾಗಿ ಒತ್ತಿದರೆ ಅದೇ ಕಾದು ಕೆಂಡವಾಗುತ್ತದೆ, ಅದರ ಮೇಲೆ ಎಣ್ಣೆ ಚಿಮುಕಿಸಿದರೆ ತಾನೇ ಉರಿಯುತ್ತದೆ. ೧೯೫೪ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್ ಬೆಂಜ್ ಕಂಪೆನಿಯೊಡನೆ ಸೇರಿ ಡೀಸೆಲ್ ಲಾರಿ ಮಾಡಲಾರಂಭಿಸಿದರು. ಜೀಪಿಗೂ ಬರಬರುತ್ತ ಡೀಸೆಲು ಎಂಜಿನೇ ಕೂತಿತು. ತೋಟದ ಪಂಪಿಗೆ ಡೀಸೆಲು ಎಂಜಿನು ಇಟ್ಟುಕೊಂಡಿದ್ದ ನಮ್ಮ ಅಡಿಕೆ ಬೆಳೆಗಾರರಿಗೆ ಇದರ ಸ್ವಭಾವ ಹೊಸದಾಗಿರಲಿಲ್ಲ. ಟಾಂಕಿ ಖಾಲಿಯಾಗಿ ಕೊಳವೆಯಲ್ಲಿ ಗಾಳಿ ಹಿಡಿದರೆ, ತಿರುಪು ಸಡಿಲಿಸಿ ಗುಳ್ಳೆ ಹೋಗುವ ತನಕ ಕೈಪಂಪು ಒತ್ತಬೇಕೆಂಬುದನ್ನು ಹೊಂಡದ ಬದಿಯಲ್ಲೇ ಕಲಿತಿದ್ದರು.

ಆಮೇಲಿನ ದಶಕಗಳಲ್ಲಿ ಪುತ್ತೂರು–ಸುಳ್ಯದ ಒಳರಸ್ತೆಗಳನ್ನು ಆಳಿದ್ದು ಸರ್ವಿಸ್ ಜೀಪು. ಬಸ್ಸು ಹೋಗದ ಕಡೆಗೆ ಅದು ಹೋಯಿತು. ಒಳಗೆ ಹತ್ತು, ಹಿಂದೆ ನಾಲ್ಕು, ಮೇಲೆ ಬಾಳೆಗೊನೆ. ೧೯೭೩ರಲ್ಲಿ ಕ್ಯಾಂಪ್ಕೋ ಹುಟ್ಟಿದ ಮೇಲೆ ಬೆಳೆಗಾರನೇ ಮೂಟೆ ತಂದು ತೂಗಿಸುವ ರೂಢಿ ಬಲಿಯಿತು. ೨೦೦೫ರಲ್ಲಿ ಟಾಟಾ ಏಸ್ ಎಂಬ ಎರಡೇ ಸಿಲಿಂಡರಿನ ಸಣ್ಣ ಡೀಸೆಲು ಗಾಡಿ ಬಂತು. ಅದರ ಹಿಂದೆಮುಂದೆ ಬೊಲೆರೊ ಪಿಕಪ್ಪು, ಬೇರೆ ಕಂಪೆನಿಗಳ ಗಾಡಿಗಳು. ಸರ್ವಿಸ್ ಜೀಪಿನ ಹಳೆಯ ಚಾಲಕರಲ್ಲಿ ಅನೇಕರು ಪಿಕಪ್ಪಿನ ಮಾಲೀಕರಾದರು. ಎರಡು ಸಿಲಿಂಡರಿನ ಗಾಡಿಯಲ್ಲಿ ಒಂದು ಸತ್ತರೆ ಅರ್ಧ ಬಲವೇ ಹೋಯಿತೆಂದು ತಿಳಿಯಿರಿ. ಅಲ್ಲಿ ಮಿಸ್ಸಿಂಗಿನ ಬಗ್ಗೆ ಅನುಮಾನವೇ ಉಳಿಯುವುದಿಲ್ಲ.

ಡೀಸೆಲು ಜೀಪಿನವರ ಪರೀಕ್ಷೆ ಹೀಗಿತ್ತು. ಎಂಜಿನು ಓಡುತ್ತಿರುವಾಗಲೇ ಪಂಪಿನಿಂದ ನಾಜಲ್ಲಿಗೆ ಹೋಗುವ ಕೊಳವೆಯ ಬಿರಡೆಯನ್ನು ಒಂದೊಂದಾಗಿ ಸಡಿಲಿಸುವುದು. ಎಣ್ಣೆ ಹೊರಗೆ ಸೋರಿ ಆ ಸಿಲಿಂಡರು ನಿಲ್ಲುತ್ತದೆ. ಶಬ್ದ ಬದಲಾದರೆ ಸಿಲಿಂಡರು ಒಳ್ಳೆಯದು, ಬದಲಾಗದಿದ್ದರೆ ಅದೇ ಸತ್ತದ್ದು. ಪೆಟ್ರೋಲು ಗಾಡಿಯ ತಿರುಪುಳಿ ಪರೀಕ್ಷೆಯ ತಮ್ಮನೇ ಇದು.

ಈಗ ಎಚ್ಚರಿಕೆಯಿಂದ ಓದಿ. ಇಂದಿನ ಪಿಕಪ್ಪಿನಲ್ಲಿ ಈ ಪರೀಕ್ಷೆ ಮಾಡಕೂಡದು. ೧೯೯೭ರಲ್ಲಿ ಯುರೋಪಿನ ಕಾರುಗಳಿಗೆ ಬಂದ ಕಾಮನ್ ರೇಲ್ ಎಂಬ ಕ್ರಮ ನಮ್ಮ ಪಿಕಪ್ಪುಗಳಿಗೂ ಬಂದಿದೆ. ೨೦೨೦ರ ಏಪ್ರಿಲ್ ೧ರಿಂದ ದೇಶವಿಡೀ ಜಾರಿಗೆ ಬಂದ ಭಾರತ್ ಸ್ಟೇಜ್ ಆರರ ಡೀಸೆಲು ಗಾಡಿಗಳಲ್ಲಿ ಇದು ಸಾಮಾನ್ಯ. ಇದರಲ್ಲಿ ಎಲ್ಲ ನಾಜಲ್ಲುಗಳಿಗೂ ಸೇರಿದ ಒಂದೇ ಉಕ್ಕಿನ ಕೊಳವೆಯಲ್ಲಿ ಎಣ್ಣೆ ಸಾವಿರ ಬಾರಿಗೂ ಮೇಲೆ ಏರಬಲ್ಲ ಒತ್ತಡದಲ್ಲಿ ತುಂಬಿರುತ್ತದೆ. ಲಾರಿಯ ಚಕ್ರದ ಗಾಳಿ ಏಳೆಂಟು ಬಾರು ಎಂದರೆ ಈ ಒತ್ತಡವನ್ನು ಊಹಿಸಿಕೊಳ್ಳಿ. ಬಿರಡೆ ಸಡಿಲಿಸಿದರೆ ಕೂದಲೆಳೆಯಷ್ಟು ಸಣ್ಣ ಚಿಮ್ಮು ಕೈಯ ಚರ್ಮ ಹೊಕ್ಕು ಮಾಂಸಕ್ಕೆ ಇಳಿಯುತ್ತದೆ. ಹೊರಗೆ ಕಾಣುವುದು ಸೂಜಿ ಚುಚ್ಚಿದಂಥ ಒಂದು ಚುಕ್ಕೆ, ನೋವೂ ಮೊದಲಿಗೆ ಹೆಚ್ಚಿಲ್ಲ. ಒಳಗೆ ಎಣ್ಣೆ ಮಾಂಸವನ್ನು ಕೊಲ್ಲುತ್ತ ಹೋಗುತ್ತದೆ. ತಡಮಾಡಿದರೆ ಬೆರಳು ಕತ್ತರಿಸಬೇಕಾದೀತು. ಹಾಗೇನಾದರೂ ಆದರೆ, ಗಾಯ ಸಣ್ಣದೆಂದು ಅರಸಿನ ಹಚ್ಚಿ ಮನೆಯಲ್ಲಿ ಕೂತುಕೊಳ್ಳಬೇಡಿ. ಕೂಡಲೆ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಿ "ಒತ್ತಡದ ಡೀಸೆಲು ಚರ್ಮದೊಳಗೆ ಹೋಗಿದೆ" ಎಂದೇ ಹೇಳಿ. ಸೋರಿಕೆ ಹುಡುಕುವುದಕ್ಕೂ ಬೆರಳು ಆಡಿಸಬಾರದು. ಜೀಪಿನಲ್ಲಿ ಕೈ ಪಳಗಿದವರಿಗೇ ಈ ಅಪಾಯ ಹೆಚ್ಚು. ಕೈಗೆ ಹಳೆಯ ಅಭ್ಯಾಸ ಇದೆಯಲ್ಲ!

ಹಾಗಾದರೆ ಮನೆಯಲ್ಲಿ ನಾವು ನೋಡತಕ್ಕದ್ದೇನು? ಮೊದಲು ಹೊಗೆ. ತಣ್ಣಗಿರುವಾಗ ಬಿಳಿ ಹೊಗೆ ಬಂದು ಮಿಸ್ಸಾಗುತ್ತಿದ್ದರೆ ಡೀಸೆಲು ಉರಿಯದೆ ಹೋಗುತ್ತಿದೆ. ಕಪ್ಪು ಹೊಗೆಯಾದರೆ ಎಣ್ಣೆಗೆ ತಕ್ಕ ಗಾಳಿಯಿಲ್ಲ, ಏರ್ ಫಿಲ್ಟರು ಬಿಚ್ಚಿ ನೋಡಿ. ನೀಲಿಯಾದರೆ ಎಂಜಿನಾಯಿಲು ಉರಿಯುತ್ತಿದೆ, ಅದು ಗ್ಯಾರೇಜಿನ ಕೆಲಸ. ಆಮೇಲೆ ಡೀಸೆಲು ಫಿಲ್ಟರಿನ ಬುಡದ ನೀರು. ಮಳೆಗಾಲದಲ್ಲಿ ಅರ್ಧ ಖಾಲಿ ಟಾಂಕಿಯ ಒಳಗೋಡೆಗೆ ಹಬೆ ತಾಕಿ ನೀರಾಗಿ ಇಳಿಯುತ್ತದೆ. ಕ್ಯಾನಿನಲ್ಲಿ ತಂದಿಟ್ಟು ಹೊಯ್ಯುವವರ ಗಾಡಿಗೆ ಇನ್ನೂ ಹೆಚ್ಚು. ಎಂಜಿನು ನಿಲ್ಲಿಸಿ, ಗಾಡಿಯ ಪುಸ್ತಕದಲ್ಲಿ ಹೇಳಿದ ಪ್ರಕಾರ ಫಿಲ್ಟರಿನ ಕೆಳಗಿನ ತಿರುಪನ್ನು ಸಡಿಲಿಸಿ ಗಾಜಿನ ಲೋಟಕ್ಕೆ ಹಿಡಿಯಿರಿ. ನೀರಿದ್ದರೆ ಕೆಳಗೆ ಕೂತು ಗೆರೆ ಕಾಣುತ್ತದೆ. ಮಳೆಗಾಲದಲ್ಲಿ ಸಂಜೆಯೇ ಟಾಂಕಿ ತುಂಬಿಸಿಡುವುದು ಒಳ್ಳೆಯದು. ಪೆಟ್ರೋಲು ಗಾಡಿಯವರಿಗೂ ಇದು ಹೇಳಿದ ಮಾತೇ. ಈಗ ಪೆಟ್ರೋಲಿಗೆ ಬೆರೆಸುತ್ತಿರುವ ಎಥನಾಲು ನೀರನ್ನು ಎಳೆದುಕೊಳ್ಳುವ ವಸ್ತು, ನೀರು ಮಿತಿಮೀರಿದರೆ ಎರಡೂ ಸೇರಿ ಬೇರ್ಪಟ್ಟು ತಳಕ್ಕಿಳಿಯುತ್ತವೆ.

ಇನ್ನೊಂದು ವಿಷಯವನ್ನು ಹಗುರವಾಗಿ ತೆಗೆದುಕೊಳ್ಳುವವರು ಬಹಳ. ನಿಂತಲ್ಲಿ ಆರಿಹೋಗುವ ಎಂಜಿನು ಇಳಿಜಾರಿನಲ್ಲೂ ಆರಿಹೋಗಬಹುದು. ಬ್ರೇಕಿಗೆ ಬಲ ಕೊಡುವ ನಿರ್ವಾತ ಬರುವುದು ಎಂಜಿನು ಓಡುವುದರಿಂದ. ಎಂಜಿನು ನಿಂತರೆ ಒಂದೆರಡು ಸಲ ಒತ್ತುವಷ್ಟು ಬಲ ಉಳಿದಿರುತ್ತದೆ, ಆಮೇಲೆ ಪೆಡಲು ಕಲ್ಲಾಗುತ್ತದೆ. ಪವರ್ ಸ್ಟಿಯರಿಂಗು ಇದ್ದರೆ ಅದೂ ಭಾರವಾಗುತ್ತದೆ. ಮಿಸ್ ಹೊಡೆಯುವ ಗಾಡಿಗೆ ಮೂಟೆ ಹೇರಿ ಸಂಪಾಜೆ ಘಾಟಿಯಲ್ಲಿ ಇಳಿಯುವುದು, ಅದರಲ್ಲೂ ಎಣ್ಣೆ ಉಳಿಯಲೆಂದು ನ್ಯೂಟ್ರಲಿನಲ್ಲಿ ಬಿಡುವುದು, ತನ್ನ ಜೀವದ ಜೊತೆಗೆ ಎದುರಿಂದ ಬರುವವನ ಜೀವವನ್ನೂ ಪಣಕ್ಕಿಟ್ಟ ಹಾಗೆ.

ಡಬ್ಬಿ ಹಚ್ಚಿ ನೋಡುವ ಪರೀಕ್ಷೆಯ ಬಗ್ಗೆ ಕೇಳುವವರಿದ್ದಾರೆ. ಎಂಜಿನು ತನ್ನ ಹೆಜ್ಜೆ ತಪ್ಪಿದ್ದನ್ನು ತಾನೇ ಎಣಿಸಿ ದೀಪ ಹಚ್ಚುವ ಏರ್ಪಾಡು ಅಮೆರಿಕದ ಕಾರುಗಳಲ್ಲಿ ೧೯೯೬ರಿಂದ ಕಡ್ಡಾಯವಾಯಿತು. ಆಮೇಲೆ ನಮ್ಮಲ್ಲಿಗೂ ಬಂದಿತು. ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರು ಸಿಕ್ಕಿಸಿದರೆ ಅಂಕೆ ಓದುತ್ತದೆ. "ಪಿ ೦೩೦೦" ಎಂದರೆ ಅಲ್ಲೊಂದು ಇಲ್ಲೊಂದು ಸಿಲಿಂಡರು ತಪ್ಪುತ್ತಿದೆ. "ಪಿ ೦೩೦೧" ಎಂದರೆ ಒಂದನೆಯದು, "೦೩೦೨" ಎರಡನೆಯದು, ಹೀಗೆ. ಪೆಟ್ರೋಲು ಗಾಡಿಯಲ್ಲಿ ಎಂಜಿನಿನ ಗುರುತಿನ ದೀಪ ಮಿನುಗುತ್ತಿದ್ದರೆ ಹೊರೆ ಇಳಿಸಿ ನಿಲ್ಲಿಸಿಬಿಡಿ. ಉರಿಯದ ಪೆಟ್ರೋಲು ಸೈಲೆನ್ಸರಿನ ದಾರಿಯಲ್ಲಿರುವ ಬೆಲೆಬಾಳುವ ಕ್ಯಾಟಲಿಟಿಕ್ ಪೆಟ್ಟಿಗೆಯಲ್ಲಿ ಉರಿದು ಅದನ್ನು ಕರಗಿಸುತ್ತದೆ. ಒಟ್ಟಿನಲ್ಲಿ ತಿರುಪುಳಿಯ ಕೆಲಸವನ್ನೇ ಈಗ ಡಬ್ಬಿ ಮಾಡುತ್ತದೆ. ಆದರೆ ಡಬ್ಬಿ ಹೇಳಿದ್ದನ್ನು ಓದುವವನು ಮನುಷ್ಯನಲ್ಲವೇ? ಇಲ್ಲಿ ನನ್ನ ಸ್ವಂತ ಅನುಭವ ಒಂದನ್ನು ಹೇಳಬೇಕು.

ನನ್ನ ಸೋದರಮಾವ ಇಪ್ಪತ್ತು ವರ್ಷ ಸರ್ವಿಸ್ ಜೀಪು ಬಿಟ್ಟವರು. ಈಗ ಸೆಕೆಂಡ್‌ಹ್ಯಾಂಡ್ ಪಿಕಪ್ಪೊಂದು ಇದೆ, ಕಾಮನ್ ರೇಲಿನದು. ಹೋದ ಮಳೆಗಾಲ ಅದು ಕುಲುಕಲು ಹತ್ತಿತು. ಗ್ಯಾರೇಜಿನಲ್ಲಿ ಸ್ಕ್ಯಾನರು "ಪಿ ೦೨೦೩" ಎಂದಿತು. "ಅಣ್ಣಾ, ಮೂರನೇ ನಾಜಲ್ ಹೋಗಿದೆ" ಎಂದ ಹುಡುಗ. ಹೊಸ ನಾಜಲ್ ಹಾಕಿಸಿದರು. ತೋಟದ ಒಂದು ಸಲದ ಗೊಬ್ಬರದ ಹಣ ಅಲ್ಲಿಗೆ ಹೋಯಿತು. ನಾಲ್ಕು ದಿನ ಸರಿಯಿತ್ತು, ಐದನೇ ದಿನ ಮತ್ತೆ ಅದೇ. "ಉಳಿದ ಮೂರೂ ಹಳತಾಗಿವೆ ಅಣ್ಣಾ, ಒಟ್ಟಿಗೇ ಹಾಕಿಬಿಡುವ" ಎಂದು ಹುಡುಗನ ಮಾತು. ಮಾವ ಗಾಡಿ ಮನೆಗೆ ತಂದರು.

ನಾನು ಹೋದಾಗ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು. "ಎಂತ ಮಾವ, ಗಾಡಿ ಸರಿ ಆಯ್ತಾ?" ಎಂದು ಕೇಳಿದೆ.

"ಸರಿ ಆಗುದೆಂತದು ಮಾರಾಯ! ನೀನು ಡಿಪ್ಲೊಮಾ ಓದಿದವನಲ್ವಾ, ಹೇಳು ನೋಡುವ. ಟಾರು ರಸ್ತೆಯಲ್ಲಿ ಸರಿಯಾಗಿ ಹೋಗ್ತದೆ. ನಮ್ಮ ಮನೆಯ ಮಣ್ಣಿನ ಮಾರ್ಗದಲ್ಲಿ ಹೊಂಡಕ್ಕೆ ಚಕ್ರ ಬಿದ್ದಾಗ ಮಿಸ್ ಹೊಡೀತದೆ. ನಾಜಲ್ಲಿಗೆ ಹೊಂಡ ಗೊತ್ತಾಗ್ತದಾ?"

ನನಗೆ ಉತ್ತರ ತೋಚಲಿಲ್ಲ. ನನ್ನ ಡಿಪ್ಲೊಮಾ ಕೃಷಿಯದೆಂದು ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಅವರ ಪ್ರಶ್ನೆ ಯಂತ್ರದ್ದಲ್ಲ, ತರ್ಕದ್ದು. ಕೊಳೆತ ಕಾಯಿ ಮಳೆಯ ಮೇಲೆ ಹೆಚ್ಚುಕಡಿಮೆಯಾದರೆ ಮಳೆಯನ್ನು ನೋಡಬೇಕು, ಹೊಂಡದ ಮೇಲೆ ಹೆಚ್ಚುಕಡಿಮೆಯಾದರೆ ಹೊಂಡ ಯಾವುದನ್ನು ಅಲ್ಲಾಡಿಸುತ್ತದೆಂದು ನೋಡಬೇಕು. ಸವೆದ ನಾಜಲ್ಲು ಟಾರು ರಸ್ತೆಯಲ್ಲೂ ಸವೆದದ್ದೇ. ಅಲ್ಲಾಡುವುದು ತಂತಿ. ಮತ್ತೆ ಪುಸ್ತಕ ನೋಡಿದರೆ, "ಪಿ ೦೨೦೩" ಹೇಳುವುದು ಮೂರನೆಯ ನಾಜಲ್ಲಿನ ವಿದ್ಯುತ್ತಿನ ದಾರಿ ಕಡಿದಿದೆ ಎಂದು. ದಾರಿ ಎಂದರೆ ನಾಜಲ್ಲೂ ಹೌದು, ತಂತಿಯೂ ಹೌದು, ಸಾಕೆಟ್ಟೂ ಹೌದು. ಹುಡುಗ ನಾಜಲ್ ಎಂಬ ಶಬ್ದವನ್ನಷ್ಟೇ ಓದಿದ್ದ. ಅವನನ್ನು ದೂರಿ ಫಲವಿಲ್ಲ. ಒಂದು ಗಾಡಿ ಬಿಟ್ಟು ಇನ್ನೊಂದಕ್ಕೆ ಹೋಗುವ ಅವಸರದಲ್ಲಿ ಹೊಂಡದ ಪ್ರಶ್ನೆ ಕೇಳಲು ಅವನಿಗೆ ಹೊತ್ತಿರಲಿಲ್ಲ, ಅವನ ಮುಂದೆ ಹೊಂಡವೂ ಇರಲಿಲ್ಲ.

ಎಂಜಿನು ನಿಲ್ಲಿಸಿ, ತಣಿಯಲು ಬಿಟ್ಟು, ಬ್ಯಾಟರಿಯ ತಂತಿ ತೆಗೆದಿಟ್ಟು, ಟಾರ್ಚು ಹಿಡಿದು ನೋಡಿದೆವು. ಎಂಜಿನಿನ ಹಿಂಬದಿಯಲ್ಲಿ, ಕೈ ಕಷ್ಟದಲ್ಲಿ ಹೋಗುವ ಸಂದಿನಲ್ಲಿ, ತಂತಿಗಳ ಕಟ್ಟಿನ ಮೇಲಿನ ಕಪ್ಪು ಹೊದಿಕೆ ಅರ್ಧ ಗೇಣು ಇರಲಿಲ್ಲ. ಒಂದು ತಂತಿಯ ಎಳೆಗಳಲ್ಲಿ ಎರಡೋ ಮೂರೋ ಉಳಿದಿದ್ದವು. ಕೆಳಗೆ ಅಡಿಕೆ ಸಿಪ್ಪೆಯ ನಾರು, ಹರಿದ ಗೋಣಿಚೂರು, ಇಲಿಯ ಹಿಕ್ಕೆ. ಸಿಪ್ಪೆ ರಾಶಿ ಹಾಕುವ ಶೆಡ್ಡಿನಲ್ಲೇ ಗಾಡಿ ನಿಲ್ಲಿಸಿದರೆ ಮಳೆಗಾಲದಲ್ಲಿ ಇಲಿಗೆ ಬೆಚ್ಚಗಿನ ಎಂಜಿನಿಗಿಂತ ಒಳ್ಳೆಯ ಮನೆ ಯಾವುದು? ಹೊಂಡಕ್ಕೆ ಬಿದ್ದಾಗ ಆ ಎರಡು ಮೂರು ಎಳೆಗಳು ದೂರವಾಗುತ್ತಿದ್ದವು. ನಾಜಲ್ ಬದಲಿಸುವಾಗ ತಂತಿಯ ಕಟ್ಟು ಅತ್ತಿತ್ತ ಸರಿದು ನಾಲ್ಕು ದಿನ ತಾನಾಗಿ ಕೂಡಿಕೊಂಡಿದ್ದಿರಬೇಕು.

ಪುತ್ತೂರಿನಿಂದ ಗಾಡಿಯ ವಯರಿಂಗ್ ಕೆಲಸದವನೊಬ್ಬನನ್ನು ಕರೆಸಿ ತಂತಿ ಸೇರಿಸಿ ಬೆಸುಗೆ ಹಾಕಿಸಿ, ಶಾಖಕ್ಕೆ ತಾಳುವ ಹೊದಿಕೆ ತೊಡಿಸಿದೆವು. ಮುಕ್ಕಾಲು ಗಂಟೆಯ ಕೆಲಸ. ಅವನು ಕೇಳಿದ ಕೂಲಿ, ಹಾಕಿಸಿದ ನಾಜಲ್ಲಿನ ಬೆಲೆಯ ಮುಂದೆ ಚಿಲ್ಲರೆ. ಬಿಚ್ಚಿದ ಹಳೆಯ ನಾಜಲ್ಲು ಮಾವನ ಜಗಲಿಯ ಕಿಟಕಿಯಲ್ಲಿ ಈಗಲೂ ಇದೆ. ಅದು ಕೆಟ್ಟಿರಲೇ ಇಲ್ಲವೆಂದು ಅವರ ವಾದ.

ಸಿಪ್ಪೆಯ ರಾಶಿಯನ್ನು ಗಾಡಿಯ ಶೆಡ್ಡಿನಿಂದ ಹಟ್ಟಿಯ ಹಿಂದಕ್ಕೆ ಸಾಗಿಸಿದ್ದಾರೆ. ಮಳೆ ಹಿಡಿದ ಮೇಲೆ ವಾರಕ್ಕೊಮ್ಮೆ ಬಾನೆಟ್ಟು ಎತ್ತಿ ಟಾರ್ಚು ಹಾಕುತ್ತಾರೆ. ಗಾಡಿಯ ಪೆಟ್ಟಿಗೆಯಲ್ಲಿ ಒಂದು ಹಳೆಯ ಶಾಲಾ ಪುಸ್ತಕ ಇಟ್ಟಿದ್ದಾರೆ, ಅದರಲ್ಲಿ ಮಿಸ್ ಹೊಡೆದಾಗಲೆಲ್ಲ ಬರೆಯುವುದು. ಯಾವ ದಿನ, ತಣ್ಣಗೋ ಬಿಸಿಯೋ, ಹೊರೆ ಎಷ್ಟು, ಏರೋ ಇಳಿಯೋ ಹೊಂಡವೋ, ಹೊಗೆಯ ಬಣ್ಣ, ಡೀಸೆಲು ಹಾಕಿಸಿ ಎಷ್ಟು ದಿನ. ಮೊನ್ನೆ ಗ್ಯಾರೇಜಿಗೆ ಬೇರೆ ಕೆಲಸಕ್ಕೆ ಹೋದಾಗ ಆ ಪುಸ್ತಕವನ್ನು ಹುಡುಗನ ಕೈಗೆ ಕೊಟ್ಟರಂತೆ. ಅವನು ಸ್ಕ್ಯಾನರು ಬದಿಗಿಟ್ಟು ಎರಡು ಪುಟ ಓದಿ, "ಅಣ್ಣಾ, ಉಳಿದವರಿಗೂ ಹೀಗೆ ಬರೆದು ತರಲಿಕ್ಕೆ ಹೇಳಿ" ಎಂದನಂತೆ.